ಮಂಡಿ, ಮಧ್ಯವರ್ತಿ ಮತ್ತು ಪೈಥಾನ್: ಲಿನಕ್ಸ್‌ಗೆ ಪ್ರೋಗ್ರಾಂ ಕಟ್ಟಿಕೊಡುವವರ ಮೂವತ್ತು ವರ್ಷದ ಕಥೆ

ಇವತ್ತಿನ ಕಥೆ ಕಂಪ್ಯೂಟರಿನದು. ಆದರೆ ಶುರುವಾಗೋದು ಒಂದು ಅಡಿಕೆ ಮಂಡಿಯಿಂದ.

2020ರ ಡಿಸೆಂಬರ್. ನನ್ನ ಸೋದರಮಾವನಿಗೆ ಸಾಗರದಲ್ಲಿ ಸಣ್ಣದೊಂದು ಮಂಡಿ ಇದೆ. ರೈತರು ಅಡಿಕೆ ತಂದು ಹಾಕ್ತಾರೆ, ವ್ಯಾಪಾರಿಗಳು ಕೊಳ್ತಾರೆ, ನಡುವೆ ನಿಂತು ತೂಕ, ದರ, ಲೆಕ್ಕ ನೋಡಿಕೊಳ್ಳೋದು ಮಾವ. ಅದಕ್ಕೆ ದಲಾಲಿ. ನಾನು ವರ್ಕ್ ಫ್ರಮ್ ಹೋಮ್ ಪುಣ್ಯದಿಂದ ಆರು ತಿಂಗಳು ಊರಲ್ಲೇ ಇದ್ದೆ. ಸುಮ್ಮನಿರಲಾರದೆ ಮಾವನಿಗೆ ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದುಕೊಟ್ಟೆ. ರಾಶಿಯೋ ಬೆಟ್ಟೆಯೋ ಗೊರಬಲೋ ಅಂತ ಆರಿಸಿ, ತೂಕ ಮತ್ತು ದರ ಹಾಕಿದರೆ, ಹಮಾಲಿ ಕಳೆದು, ರೈತ ಮೊದಲೇ ತೆಗೆದುಕೊಂಡ ಮುಂಗಡ ಕಳೆದು, ಕನ್ನಡದಲ್ಲೇ ಚೀಟಿ ಪ್ರಿಂಟ್ ಆಗ್ತಿತ್ತು. ಮಾವನಿಗೆ ಎಷ್ಟು ಖುಷಿಯಾಯ್ತು ಅಂದ್ರೆ, ಹಳೇ ಮುಂಗಡದ ಖಾತೆಯನ್ನೆಲ್ಲ ನನ್ನ ಕೈಲೇ ಅದಕ್ಕೆ ಏರಿಸಿದರು.

ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿಯಾಗಿತ್ತು. ಮಂಡಿಯ ಹಳೇ ಡೆಸ್ಕ್‌ಟಾಪ್‌ಗೆ ಪೆನ್‌ಡ್ರೈವ್‌ನಲ್ಲಿ ಒಯ್ದು ಓಡಿಸಿದೆ, ಮೊದಲ ಹೆಜ್ಜೆಯಲ್ಲೇ ಸಿಂಟ್ಯಾಕ್ಸ್ ಎರರ್. ಕಾರಣ ಎರಡೇ ಎರಡು ಚಿಹ್ನೆ. ಒಂದು ಕೋಲನ್, ಪಕ್ಕದಲ್ಲಿ ಒಂದು ಸಮ ಚಿಹ್ನೆ. ಎರಡು ಕೋರೆಹಲ್ಲಿನ ಥರ ಕಾಣುತ್ತೆ ಅಂತ ಅದಕ್ಕೆ ‘ವಾಲ್‌ರಸ್’ ಅಂತಾರೆ. ಅದು ಪೈಥಾನ್‌ಗೆ ಬಂದಿದ್ದು 2019ರಲ್ಲಿ, 3.8ನೇ ಆವೃತ್ತಿಯಲ್ಲಿ. ಮಂಡಿಯ ಲಿನಕ್ಸ್‌ನಲ್ಲಿ ಇದ್ದಿದ್ದು 3.6. (ಈ ಚಿಹ್ನೆ ಬೇಕೋ ಬೇಡವೋ ಅನ್ನೋ ವಾದದಲ್ಲಿ ಬೇಸತ್ತು ಪೈಥಾನ್ ಸೃಷ್ಟಿಕರ್ತ ಗೀಡೊ ವಾನ್ ರೋಸಮ್ 2018ರ ಜುಲೈನಲ್ಲಿ ಯಜಮಾನಿಕೆಯನ್ನೇ ಬಿಟ್ಟರು. ಅವರಿಗೇ ಅಷ್ಟು ಕಾಟ ಕೊಟ್ಟದ್ದು ನನ್ನನ್ನು ಬಿಡುತ್ತಾ?)

ಬಸ್ಸಿಗೆ ಹೊತ್ತಾಗ್ತಿತ್ತು. ಆ ರಾತ್ರಿ ಬೆಂಗಳೂರಿಗೆ ವಾಪಸ್ ಹೊರಟಿದ್ದೆ. ಅವಸರದಲ್ಲಿ 3.8 ಹಾಕಿದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಏನೂ ಆಗ್ತಿರಲಿಲ್ಲ. ಆದರೆ ಆ ಕಂಪ್ಯೂಟರಿನಲ್ಲಿ ಯಾರು ‘ಪೈಥಾನ್ 3’ ಅಂತ ಕೂಗಿದರೂ ಇನ್ನುಮುಂದೆ ಹೊಸದೇ ಓಗೊಡಲಿ ಅಂತ ಹೆಸರನ್ನೇ ತಿರುಗಿಸಿಬಿಟ್ಟೆ. ಪ್ರೋಗ್ರಾಂ ಓಡಿತು. ಚೀಟಿ ಬಂತು. ನಾನು ಬಸ್ ಹತ್ತಿದೆ.

ಬೆಳಗ್ಗೆ ಎಂಟೂವರೆಗೆ ಮಾವನ ಫೋನ್: ‘ಎಂಥದು ಮಾರಾಯಾ, ನಿನ್ನ ಪೆಟ್ಟಿಗೆ ಬಾಯೇ ಬಿಡ್ತಿಲ್ಲ!’

ಐಕಾನ್ ಒತ್ತಿದರೆ ಕಪ್ಪು ಕಿಟಕಿ, ಅಂದ್ರೆ ಟರ್ಮಿನಲ್, ತೆರೆದುಕೊಂಡು ಅದರೊಳಗೆ ಪ್ರೋಗ್ರಾಂ ಓಡಬೇಕಿತ್ತು. ಆ ಟರ್ಮಿನಲ್ಲೇ ತೆರೀತಿರಲಿಲ್ಲ. ಹಿಂದಿನ ಸಂಜೆ ಅದು ಮೊದಲೇ ತೆರೆದಿತ್ತು, ಹಾಗಾಗಿ ನನಗೆ ಗೊತ್ತಾಗಿರಲಿಲ್ಲ. ಸೀಸನ್ನಿನ ನಡುವೆ, ಚೀಲಗಳು ಬಂದು ಬೀಳ್ತಿವೆ. ಯಾರದು ಎಷ್ಟು ಮುಂಗಡ ಅನ್ನೋ ಲೆಕ್ಕ ಬಾಯಿ ಬಿಡದ ಪೆಟ್ಟಿಗೆಯೊಳಗೆ. ಎರಡು ದಿನ ಮಾವ ಕಾರ್ಬನ್ ಇಟ್ಟ ಹಳೇ ರಸೀದಿ ಪುಸ್ತಕದಲ್ಲಿ ಬರೆದರು. ಮುಂಗಡ ಎಷ್ಟಿತ್ತು ಅಂತ ರೈತರನ್ನೇ ಕೇಳಿ, ಅವರು ಹೇಳಿದ್ದನ್ನೇ ಬರ್ಕೊಂಡರು. ಮೂವತ್ತು ವರ್ಷದಲ್ಲಿ ಹಾಗೆ ಕೇಳಬೇಕಾಗಿ ಬಂದಿದ್ದು ಅದೇ ಮೊದಲಂತೆ.

ಹೊಸ ಪೈಥಾನ್ ಹಾಕಿದ್ದಕ್ಕೆ ಕಿಟಕಿ ಯಾಕೆ ಮುಚ್ಚಿಕೊಂಡಿತು? ಅದನ್ನು ಹುಡುಕ್ತಾ ಹೋಗಿ ನನಗೆ ಸಿಕ್ಕಿದ್ದು ಒಂದು ಹಳೇ ಜಗಳದ ಚರಿತ್ರೆ. ಅದನ್ನೇ ಇವತ್ತು ಹೇಳ್ತೀನಿ.

ಹಿಂದಕ್ಕೆ ಹೋಗೋಣ, 1991ಕ್ಕೆ. ಆ ಫೆಬ್ರುವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧನಾ ಸಂಸ್ಥೆ ಸಿಡಬ್ಲ್ಯೂಐನಲ್ಲಿದ್ದ ಗೀಡೊ ತಮ್ಮ ಹೊಸ ಭಾಷೆಯನ್ನು ಯೂಸ್‌ನೆಟ್ ಅನ್ನೋ ಆ ಕಾಲದ ಜಾಲಕ್ಕೆ ಹಾಕಿದರು. ವೆಬ್‌ಸೈಟು, ಡೌನ್‌ಲೋಡ್ ಬಟನ್ ಯಾವುದೂ ಇಲ್ಲ. ಇಡೀ ಪೈಥಾನ್ 21 ತುಂಡುಗಳಾಗಿ, ಪತ್ರಗಳ ರೂಪದಲ್ಲಿ ಹೋಯಿತು. ಬೇಕಾದವರು ತುಂಡು ಜೋಡಿಸಿ, ತಮ್ಮ ಯಂತ್ರದಲ್ಲೇ ಕಂಪೈಲ್ ಮಾಡ್ಕೋಬೇಕು. ಅದೇ ವರ್ಷ ಆಗಸ್ಟ್‌ನಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನೊಂದು ಆಪರೇಟಿಂಗ್ ಸಿಸ್ಟಮ್ ಬರೀತಿದ್ದೀನಿ ಅಂತ ಸಾರಿದರು. ಪೈಥಾನೂ ಲಿನಕ್ಸೂ ಹೀಗೆ ಒಂದೇ ವಾರಿಗೆಯವು.

ಆ ಕಾಲದಲ್ಲಿ ಪ್ರೋಗ್ರಾಂ ಇನ್‌ಸ್ಟಾಲ್ ಮಾಡೋದು ಅಂದ್ರೆ ಹೀಗೆ: ಮೂಲ ಕೋಡ್ ತರೋದು, ‘ಮೇಕ್’ ಅನ್ನೋದು, ಆಮೇಲೆ ‘ಮೇಕ್ ಇನ್‌ಸ್ಟಾಲ್’ ಅನ್ನೋದು. ಫೈಲುಗಳು ಡಿಸ್ಕಿನ ಮೂಲೆ ಮೂಲೆಗೆ ಹೋಗಿ ಕೂರ್ತಿದ್ದವು. ಯಾವ ಫೈಲು ಯಾವುದರ ಜೊತೆ ಬಂತು ಅಂತ ಬರೆದಿಟ್ಟ ಪುಸ್ತಕವಿಲ್ಲ. ತೆಗೆದುಹಾಕೋದಕ್ಕೆ ದಾರಿಯೂ ಇಲ್ಲ.

1993ರ ಆಗಸ್ಟ್‌ನಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್ ಡೆಬಿಯನ್ ಶುರುಮಾಡಿದರು. ಗೆಳತಿ ಡೆಬ್ರಾ ಹೆಸರಿನ ಅರ್ಧ, ತನ್ನ ಹೆಸರು ಸೇರಿಸಿ ಡೆಬ್-ಇಯಾನ್. ಡೆಬಿಯನ್ ತಂದ ವಿಚಾರ ನಮ್ಮ ಮಂಡಿಗೆ ಬಹಳ ಹತ್ತಿರದ್ದು. ಪ್ರತಿ ಪ್ರೋಗ್ರಾಂಗೂ ಒಬ್ಬ ನಡುವಿನವರು ಇರ್ತಾರೆ. ಬರೆದವರು ಬೇರೆ, ಬಳಸೋರು ಬೇರೆ, ನಡುವೆ ನಿಂತು ಮಾಲು ಪರೀಕ್ಷಿಸಿ, ಚೀಲಕ್ಕೆ ತುಂಬಿ, ಚೀಟಿ ಅಂಟಿಸೋರು ಬೇರೆ. ಇವರಿಗೆ ಮೇಂಟೇನರ್ ಅಂತ ಹೆಸರು. ಬಹುಪಾಲು ಸ್ವಯಂಸೇವಕರು, ದಲಾಲಿ ಇಲ್ಲ. ಚೀಲದ ಹೆಸರು ‘ಡೆಬ್’ ಫೈಲು. ಒಳಗೆ ಪ್ರೋಗ್ರಾಂ, ಮೇಲೆ ಚೀಟಿ: ನನ್ನ ಹೆಸರು ಇದು, ಆವೃತ್ತಿ ಇದು, ನಾನು ಓಡಬೇಕಾದರೆ ಇಂತಿಂಥವು ಮೊದಲೇ ಇರಬೇಕು. ಕಂಪ್ಯೂಟರಿನಲ್ಲಿರೋ ಗುಮಾಸ್ತ ಆ ಚೀಟಿ ಓದಿ, ಬೇಕಾದ್ದು ಇಲ್ಲದಿದ್ದರೆ ಬಾಗಿಲಲ್ಲೇ ತಡೀತಾನೆ. ಒಳಗೆ ಬಿಟ್ಟ ಪ್ರತಿ ಫೈಲನ್ನೂ ರಿಜಿಸ್ಟರಿನಲ್ಲಿ ಬರೀತಾನೆ. ತೆಗೆ ಅಂದ್ರೆ ಅದನ್ನು ನೋಡಿಯೇ ತೆಗೀತಾನೆ. ರೆಡ್ ಹ್ಯಾಟ್ ಕಂಪನಿಯವರೂ ತೊಂಬತ್ತರ ದಶಕದಲ್ಲೇ ಆರ್‌ಪಿಎಂ ಅನ್ನೋ ತಮ್ಮದೇ ಚೀಲ ಮಾಡ್ಕೊಂಡರು.

ಈ ವ್ಯವಸ್ಥೆಯ ಹಿಂದೆ ಒಂದು ಒಪ್ಪಂದವೂ ಇತ್ತು. ಸಾಮಾನ್ಯವಾಗಿ ಒಂದು ಗೋದಾಮಿನಲ್ಲಿ ಒಂದು ಲೈಬ್ರರಿಗೆ ಒಂದೇ ಆವೃತ್ತಿ. ಎಲ್ಲರೂ ಅದನ್ನೇ ಹಂಚ್ಕೋಬೇಕು. ಅದರಲ್ಲಿ ದೋಷ ಸಿಕ್ಕಿತೋ, ಒಂದು ಕಡೆ ಸರಿಮಾಡಿದರೆ ಎಲ್ಲರಿಗೂ ಸರಿಯಾಯ್ತು.

ಈಗ ಪೈಥಾನ್ ಕಡೆಗೆ ಬರೋಣ. 1998ರ ಪೈಥಾನ್ ಸಮ್ಮೇಳನದಲ್ಲಿ, ನಮ್ಮ ಭಾಷೆಯಲ್ಲಿ ಬರೆದ ಮಾಡ್ಯೂಲುಗಳನ್ನು ಹಂಚೋಕೆ ಒಂದು ಸರಿಯಾದ ದಾರಿ ಬೇಕು ಅನ್ನೋ ಮಾತು ಬಂತು. ಪರ್ಲ್ ಭಾಷೆಯವರಿಗೆ 1995ರಿಂದಲೇ ಸಿಪ್ಯಾನ್ ಅನ್ನೋ ದೊಡ್ಡ ಉಗ್ರಾಣ ಇತ್ತು, ಇವರಿಗೆ ಅದರ ಮೇಲೆ ಕಣ್ಣು. ಗ್ರೆಗ್ ವಾರ್ಡ್ ಮುಂದೆ ನಿಂತು ಡಿಸ್ಟ್‌ಯುಟಿಲ್ಸ್ ಬರೆದರು. 2000ನೇ ಇಸವಿಯಲ್ಲಿ ಅದು ಪೈಥಾನ್ ಜೊತೆಯಲ್ಲೇ ಬಂತು. ಸೆಟಪ್ ಡಾಟ್ ಪೈ ಅಂತ ಒಂದು ಫೈಲು ಬರೆದರೆ ಸಾಕು, ಯಾವ ಯಂತ್ರದಲ್ಲೂ ಒಂದೇ ಆದೇಶ.

ಡಿಸ್ಟ್‌ಯುಟಿಲ್ಸ್‌ನ ಹಳೇ ಕೈಪಿಡಿ ಓದೋವಾಗ ನಾನು ಒಂದು ಕಡೆ ನಿಂತುಬಿಟ್ಟೆ. ಕೋಡ್ ಬರೆದವರ ಹತ್ತಿರ ಎಲ್ಲ ಥರದ ಯಂತ್ರಗಳೂ ಇರೋದಿಲ್ಲ, ಹಾಗಾಗಿ ಪ್ಯಾಕೇಜರ್ ಅನ್ನೋ ಮಧ್ಯವರ್ತಿಗಳ ಒಂದು ವರ್ಗ ಹುಟ್ಟಿಕೊಳ್ಳುತ್ತೆ ಅಂತ ಆಶಿಸ್ತೀವಿ, ಅನ್ನೋ ಅರ್ಥದ ಮಾತು ಅಲ್ಲಿದೆ. ಮಧ್ಯವರ್ತಿ ಅನ್ನೋ ಪದವೇ! ಬರೀ ಆಶೆಯಲ್ಲ, ಅದಕ್ಕೆ ವ್ಯವಸ್ಥೆಯನ್ನೂ ಮಾಡಿದ್ದರು. ಸೆಟಪ್ ಫೈಲಿನಿಂದ ನೇರವಾಗಿ ರೆಡ್ ಹ್ಯಾಟ್‌ನ ಆರ್‌ಪಿಎಂ ಚೀಲವನ್ನೇ ಹೊಲಿದುಕೊಡೋ ಆದೇಶ ಅದರೊಳಗಿತ್ತು. ಅಂದ್ರೆ ಶುರುವಿನಲ್ಲಿ ಜಗಳ ಇರಲಿಲ್ಲ. ನಾವು ಬರೀತೀವಿ, ನೀವು ಕಟ್ಟಿ, ಜನ ನಿಮ್ಮಿಂದ ತಗೊಳ್ಳಲಿ ಅನ್ನೋದೇ ಯೋಚನೆ.

ಕೆಟ್ಟಿದ್ದು ಕಾಲದ ಲೆಕ್ಕದಲ್ಲಿ. ಡೆಬಿಯನ್‌ನ ‘ವುಡಿ’ ಆವೃತ್ತಿ ಬಂದಿದ್ದು 2002ರ ಜುಲೈನಲ್ಲಿ. ಅದರ ಮುಂದಿನ ‘ಸಾರ್ಜ್’ 2005ರ ಜೂನ್‌ನಲ್ಲಿ. ನಡುವೆ ಹತ್ತಿರ ಹತ್ತಿರ ಮೂರು ವರ್ಷ. ಗೋದಾಮಿನವರಿಗೆ ಅದು ಜವಾಬ್ದಾರಿ, ಎಲ್ಲ ಪರೀಕ್ಷೆ ಆಗಲಿ, ಆಮೇಲೆ ಬಿಡೋಣ. ಆದರೆ 2005ರ ಜುಲೈನಲ್ಲಿ ಜಾಂಗೋ ಬಂತು, ಪೈಥಾನ್‌ನಲ್ಲಿ ವೆಬ್‌ಸೈಟು ಕಟ್ಟೋ ಹುಚ್ಚು ಶುರುವಾಯ್ತು. ಆ ಹುಡುಗರಿಗೆ ಮೂರು ತಿಂಗಳ ಹಿಂದಿನ ಲೈಬ್ರರಿಯೇ ಹಳೇದು. ಮೂರು ವರ್ಷ ಯಾರು ಕಾಯ್ತಾರೆ?

ಹಾಗಾಗಿ ಮಧ್ಯವರ್ತಿಯನ್ನು ದಾಟಿ ನೇರ ಮಾರಾಟ ಶುರುವಾಯ್ತು. 2003ರಲ್ಲಿ ರಿಚರ್ಡ್ ಜೋನ್ಸ್ ಕಟ್ಟಿದ ಪೈಪಿಐ ತೆರೀತು. ಮಾಂಟಿ ಪೈಥಾನ್ ಹಾಸ್ಯ ತಂಡದ ಚೀಸ್ ಅಂಗಡಿ ಪ್ರಹಸನದ ನೆನಪಿಗೆ ‘ಚೀಸ್ ಶಾಪ್’ ಅಂತ ಅಡ್ಡಹೆಸರು. ಆ ಪ್ರಹಸನದ ಅಂಗಡಿಯಲ್ಲಿ ಒಂದು ತುಂಡು ಚೀಸೂ ಇರೋದಿಲ್ಲ! ಶುರುವಿನ ಪೈಪಿಐ ಕೂಡ ಹಾಗೇ. ಬರೀ ಹೆಸರು, ವಿಳಾಸಗಳ ಪಟ್ಟಿ, ಮಾಲು ಇನ್ನೆಲ್ಲೋ. 2004ರಲ್ಲಿ ಫಿಲಿಪ್ ಈಬಿ ಅವರ ಸೆಟಪ್‌ಟೂಲ್ಸ್ ಮತ್ತು ಈಸಿ ಇನ್‌ಸ್ಟಾಲ್ ಬಂತು. ಒಂದು ಆದೇಶ ಕೊಟ್ಟರೆ ಅದೇ ಜಾಲ ತಡಕಿ ಪ್ಯಾಕೇಜು, ಅದಕ್ಕೆ ಬೇಕಾದ್ದು ಎಲ್ಲ ತಂದು ಸುರೀತಿತ್ತು. ತರೋದು ಗೊತ್ತು, ತೆಗೆಯೋದು ಗೊತ್ತಿಲ್ಲ. 2008ರಲ್ಲಿ ಇಯಾನ್ ಬಿಕಿಂಗ್ ಬರೆದ ಪಿಪ್ ಬಂದಮೇಲೆ ಅನ್‌ಇನ್‌ಸ್ಟಾಲ್ ಅನ್ನೋ ಸೌಭಾಗ್ಯ ಪೈಥಾನ್‌ನವರಿಗೂ ಸಿಕ್ಕಿತು.

ಇಲ್ಲೇ ಗಂಟು ಬಿದ್ದಿದ್ದು. ಪಿಪ್‌ಗೂ ತನ್ನದೇ ರಿಜಿಸ್ಟರ್ ಇದೆ. ಲಿನಕ್ಸಿನ ಗುಮಾಸ್ತನಿಗೂ ತನ್ನದೇ ರಿಜಿಸ್ಟರ್ ಇದೆ. ಒಬ್ಬರ ಪುಸ್ತಕ ಇನ್ನೊಬ್ಬರು ಓದಲ್ಲ. ಒಂದೇ ಗೋದಾಮಿಗೆ ಇಬ್ಬರು ಗುಮಾಸ್ತರು, ಇಬ್ಬರ ಹತ್ತಿರವೂ ಬೀಗದ ಕೈ. ‘ಸುಡೊ ಪಿಪ್ ಇನ್‌ಸ್ಟಾಲ್’ ಅಂತ ನೀವು ಯಾವುದಾದರೂ ವಿಡಿಯೋ ನೋಡಿ ಹೊಡೆದಿರಬಹುದು. ಸುಡೊ ಅಂದ್ರೆ ಯಜಮಾನನ ಅಧಿಕಾರದಲ್ಲಿ ಮಾಡು ಅಂತ. ಕೆಲವು ಲಿನಕ್ಸ್‌ಗಳಲ್ಲಿ ಪಿಪ್ ಹೋಗಿ ಆರ್‌ಪಿಎಂ ಇಟ್ಟ ಫೋಲ್ಡರಿನಲ್ಲೇ ಫೈಲು ಬದಲಾಯಿಸ್ತಿತ್ತು. ಡೆಬಿಯನ್‌ನವರು ಇದನ್ನು ತಪ್ಪಿಸೋಕೆ ತಮ್ಮ ಮಾಲಿಗೆ ‘ಡಿಸ್ಟ್-ಪ್ಯಾಕೇಜಸ್’ ಅಂತ ಬೇರೆ ಹೆಸರಿನ ಕಪಾಟು ಮಾಡ್ಕೊಂಡರು. ಆದರೂ ಪ್ರೋಗ್ರಾಂ ಓಡೋವಾಗ ಎರಡೂ ಕಪಾಟು ನೋಡುತ್ತೆ. ಮೊದಲು ಸಿಕ್ಕಿದ್ದನ್ನು ಎತ್ಕೊಳ್ಳುತ್ತೆ.

ಇಷ್ಟೇ ಆಗಿದ್ದರೆ ಯಾರದೋ ವೆಬ್‌ಸೈಟು ಕೆಡ್ತಿತ್ತು, ಅಷ್ಟೆ. ಆದರೆ ಅಷ್ಟು ಹೊತ್ತಿಗೆ ಲಿನಕ್ಸ್ ಕಟ್ಟೋರು ತಮ್ಮ ಮನೆಯ ಕಂಬಗಳನ್ನೇ ಪೈಥಾನ್‌ನಲ್ಲಿ ಮಾಡ್ಕೊಂಡಿದ್ದರು. ರೆಡ್ ಹ್ಯಾಟ್‌ನ ಇನ್‌ಸ್ಟಾಲರ್ ಅನಕೊಂಡ ಪೈಥಾನ್. ಜೆಂಟೂ ಲಿನಕ್ಸಿನ ಪೋರ್ಟೇಜ್ ಪೈಥಾನ್. ರೆಡ್ ಹ್ಯಾಟ್ ಬಳಗದಲ್ಲಿ ಪ್ಯಾಕೇಜು ತರಿಸೋ ಯಮ್ ಅನ್ನೋ ಸಾಧನವೂ ಪೈಥಾನ್. ಸೆಂಟ್‌ಒಎಸ್ 6 ಜೊತೆ ಬರ್ತಿದ್ದದ್ದು ಪೈಥಾನ್ 2.6. ಎಷ್ಟೋ ಜನ ನನ್ನ ಥರವೇ, ಹೊಸ 2.7 ಬೇಕು ಅಂತ ಹಳೇದರ ಜಾಗದಲ್ಲಿ ಅದನ್ನು ಕೂರಿಸಿದರು. ಯಮ್ ಸತ್ತೇಹೋಯ್ತು. ಸರಿಮಾಡಲು ಪ್ಯಾಕೇಜು ತರಬೇಕು, ತರೋದಕ್ಕೆ ಯಮ್ ಬೇಕು, ಯಮ್‌ಗೆ ಹಳೇ ಪೈಥಾನ್ ಬೇಕು. ಬಾವಿಗೆ ಇಳಿದವನು ಹಗ್ಗವನ್ನೂ ಒಳಗೇ ಎಳ್ಕೊಂಡ ಹಾಗೆ. ಕೊನೆಗೆ ರೆಡ್ ಹ್ಯಾಟ್ 2019ರ ತನ್ನ 8ನೇ ಆವೃತ್ತಿಯಲ್ಲಿ ವ್ಯವಸ್ಥೆಯ ಸ್ವಂತ ಕೆಲಸಕ್ಕೆ ಅಂತಲೇ ಒಂದು ಪೈಥಾನನ್ನು ಬೇರೆ ಹೆಸರಿಟ್ಟು ಒಳಕೋಣೆಯಲ್ಲಿ ಇಟ್ಟುಬಿಟ್ಟಿತು.

ಮಾವನ ಮಂಡಿಯಲ್ಲಿ ಆಗಿದ್ದೂ ಇದೇ. ಅಲ್ಲಿನ ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆಯೋ ಸಣ್ಣ ಸ್ಕ್ರಿಪ್ಟ್ ಪೈಥಾನ್‌ನಲ್ಲಿತ್ತು. ಅದು ‘ಪೈಥಾನ್ 3’ ಅಂತ ಕೂಗಿದರೆ ನಾನು ತಂದಿಟ್ಟ 3.8 ಓಗೊಟ್ಟಿತು. ಅದಕ್ಕೆ ಬೇಕಾದ ಲೈಬ್ರರಿಗಳು ಮಾತ್ರ 3.6ಕ್ಕೆ ಅಂತ ಕಟ್ಟಿದವು. ಬಾಯಿ ಬಿಡಲಿಲ್ಲ.

ಪೈಥಾನ್‌ನವರು ಸುಮ್ಮನೆ ಕೂತಿರಲಿಲ್ಲ. ಅದೇ ಇಯಾನ್ ಬಿಕಿಂಗ್ 2007ರಲ್ಲೇ ವರ್ಚುವಲ್‌ಎನ್ವ್ ಬರೆದಿದ್ದರು. ಪ್ರತಿ ಪ್ರೋಗ್ರಾಂಗೂ ಒಂದು ಬೇರೆ ಕೋಣೆ. ಆ ಕೋಣೆಯಲ್ಲಿ ಏನು ಬೇಕಾದರೂ ತಂದಿಟ್ಕೊಳ್ಳಿ, ಮನೆಯ ಕಂಬ ಮುಟ್ಟಬೇಡಿ. 2012ರಲ್ಲಿ ಪೈಥಾನ್ 3.3 ಇದನ್ನು ತನ್ನೊಳಗೇ ಸೇರಿಸ್ಕೊಂಡಿತು. ನಿಮ್ಮ ಆಂಡ್ರಾಯ್ಡ್ ಫೋನೂ ಒಳಗೆ ಲಿನಕ್ಸ್ ಕರ್ನಲ್ಲೇ, ಗೊತ್ತಲ್ವಾ? ಅಲ್ಲಿ ಮೊದಲಿಂದಲೂ ಇದೇ ದಾರಿ. ಪ್ರತಿ ಆ್ಯಪ್‌ಗೂ ಬೇರೆ ಬಳಕೆದಾರನ ಗುರುತು, ತನ್ನ ಸಾಮಾನು ತಾನೇ ಹೊತ್ಕೊಂಡು ಬರಬೇಕು. ಅದಕ್ಕೇ ಒಂದು ಆಟ ಡೌನ್‌ಲೋಡ್ ಮಾಡಿದರೆ ನಿಮ್ಮ ಮೆಸೇಜ್ ಆ್ಯಪ್ ಸಾಯೋದಿಲ್ಲ.

ಕೋಣೆ ಸಾಕಾಗಲಿಲ್ಲ, ಮನೆಯನ್ನೇ ಹೊತ್ತು ಒಯ್ಯೋಣ ಅಂದವರೂ ಬಂದರು. 2013ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ನಡೆದ ಪೈಕಾನ್‌ನಲ್ಲಿ, ಐದು ನಿಮಿಷದ ಪುಟ್ಟ ಭಾಷಣದಲ್ಲಿ, ಸಾಲೊಮನ್ ಹೈಕ್ಸ್ ಡಾಕರ್ ಅನ್ನು ಮೊದಲ ಬಾರಿ ಜನರ ಮುಂದಿಟ್ಟರು. ಇವತ್ತು ಜಗತ್ತಿನ ಸರ್ವರ್‌ಗಳಲ್ಲೆಲ್ಲ ಇರೋ ಆ ಕಂಟೇನರ್ ಕಾಣಿಸ್ಕೊಂಡಿದ್ದು ಪೈಥಾನ್ ಜಾತ್ರೆಯಲ್ಲೇ ಅನ್ನೋದು ನನಗೆ ಕಾಕತಾಳೀಯ ಅನ್ನಿಸೋದಿಲ್ಲ. ಈ ಸಂಕಟ ಅಲ್ಲಿ ಕೂತಿದ್ದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇನ್ನೊಂದು ತೊಡಕಿನ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ಅದರ ಪರಿಹಾರ ನನಗೆ ಬಹಳ ಇಷ್ಟ. ನಂಪೈ ಥರದ ಪ್ಯಾಕೇಜುಗಳ ಒಳಗೆ ಪೈಥಾನ್ ಅಷ್ಟೇ ಅಲ್ಲ, ಸಿ ಭಾಷೆಯ ಕೋಡೂ ಇರುತ್ತೆ. ಅದನ್ನು ಪ್ರತಿ ಯಂತ್ರದಲ್ಲೂ ಕಂಪೈಲ್ ಮಾಡಬೇಕು. ಫ್ಯಾನು ಗುಂಯ್‌ಗುಡ್ತಾ ಅರ್ಧ ಗಂಟೆ, ಕೊನೆಗೆ ಕೆಂಪಕ್ಷರದ ಎರರ್. 2012ರಲ್ಲಿ ಡೇನಿಯಲ್ ಹೋಲ್ತ್ ‘ವೀಲ್’ ಅನ್ನೋ ಸಿದ್ಧಪಡಿಸಿದ ಚೀಲ ಸೂಚಿಸಿದರು. ವೀಲ್ ಅಂದ್ರೆ ಗಾಡಿಯ ಚಕ್ರ ಅಲ್ಲ, ಚಕ್ರದಾಕಾರದ ಚೀಸ್ ಗಡ್ಡೆ. ಚೀಸ್ ಅಂಗಡಿಗೆ ಕೊನೆಗೂ ಚೀಸ್ ಬಂತು! ವಿಂಡೋಸ್, ಮ್ಯಾಕ್‌ಗೆ ಸುಲಭವಾಯ್ತು. ಲಿನಕ್ಸ್‌ಗೆ ಮಾತ್ರ ಕಷ್ಟ. ಲಿನಕ್ಸ್ ಒಂದಲ್ಲ, ನೂರಾರು. ಹೆಚ್ಚಿನವುಗಳ ತಳದಲ್ಲಿ ಗ್ಲಿಬ್‌ಸಿ ಅನ್ನೋ ಲೈಬ್ರರಿ ಇರುತ್ತೆ, ಆದರೆ ಒಂದೊಂದರಲ್ಲಿ ಒಂದೊಂದು ಆವೃತ್ತಿ.

ಅದಕ್ಕೊಂದು ಗುಣ ಇದೆ. ಹಳೇ ಗ್ಲಿಬ್‌ಸಿ ಮೇಲೆ ಕಟ್ಟಿದ್ದು ಹೊಸದರ ಮೇಲೆ ಓಡುತ್ತೆ, ಹೊಸದರ ಮೇಲೆ ಕಟ್ಟಿದ್ದು ಹಳೇದರ ಮೇಲೆ ಓಡೋದಿಲ್ಲ. ಹಾಗಾದರೆ ಎಲ್ಲಿ ಕಟ್ಟಬೇಕು? ಇನ್ನೂ ಜೀವ ಇರೋ ಅತಿ ಹಳೇ ಮನೆಯಲ್ಲಿ. 2016ರ ಮೆನಿಲಿನಕ್ಸ್ ಅನ್ನೋ ಒಪ್ಪಂದ ಹೇಳಿದ್ದು ಅದನ್ನೇ. 2007ರಲ್ಲಿ ಬಂದ ಸೆಂಟ್‌ಒಎಸ್ 5 ಒಳಗೆ ಕಂಪೈಲ್ ಮಾಡಿ, ಆಮೇಲೆ ಹೆಚ್ಚುಕಡಿಮೆ ಎಲ್ಲ ಕಡೆ ಓಡುತ್ತೆ. ಹೊಚ್ಚ ಹೊಸ ಡೇಟಾ ಸೈನ್ಸ್ ಲೈಬ್ರರಿಗಳೆಲ್ಲ ಒಂಬತ್ತು ವರ್ಷ ಹಳೇ ಮನೆಯಲ್ಲಿ ಹುಟ್ಟಿ ಬರ್ತಿದ್ದವು. ಇವತ್ತು ಪಿಪ್‌ನಲ್ಲಿ ನಂಪೈ ಕೆಲವೇ ಸೆಕೆಂಡಿನಲ್ಲಿ ಇಳಿಯುತ್ತಲ್ಲ, ಅದು ಈ ಉಪಾಯದ ಫಲ.

ನೇರ ಮಾರಾಟ ಇಷ್ಟು ಚೆನ್ನಾಗಿ ಆಗೋದಾದರೆ ಮಧ್ಯವರ್ತಿ ಯಾಕೆ ಬೇಕು? ಈ ಪ್ರಶ್ನೆ ನನ್ನನ್ನು ತುಂಬಾ ದಿನ ಕಾಡಿದೆ. ಮಾವನನ್ನೂ ಜನ ಇದೇ ಕೇಳ್ತಾರೆ, ಕೆಲವೊಮ್ಮೆ ಮುಖಕ್ಕೇ.

ಮಧ್ಯವರ್ತಿಯಿಂದ ಅನಾಹುತವೂ ಆಗಿದೆ, ಮುಚ್ಚಿಡೋದಿಲ್ಲ. 2006ರಲ್ಲಿ ಡೆಬಿಯನ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜು ಕಟ್ಟೋವಾಗ, ಪರೀಕ್ಷಾ ಸಾಧನವೊಂದು ಎಚ್ಚರಿಕೆ ಕೊಡ್ತಿದೆ ಅಂತ ಮೂಲ ಕೋಡಿನ ಸಾಲನ್ನು ತೆಗೆದರು. ಗುಪ್ತಕೀಲಿ ಮಾಡೋವಾಗ ಊಹೆಗೆ ನಿಲುಕದ ಸಂಖ್ಯೆ ಕೊಡ್ತಿದ್ದದ್ದು ಅದೇ. ಆಮೇಲೆ ಹುಟ್ಟಿದ ಕೀಲಿಗಳು ಒಂದೊಂದು ಬಗೆಯಲ್ಲಿ ಸುಮಾರು 32 ಸಾವಿರ ಸಾಧ್ಯತೆಗಳೊಳಗೆ ಬಂದುಬಿಟ್ಟವು. ಕಂಪ್ಯೂಟರಿಗೆ ಅಷ್ಟನ್ನು ಎಣಿಸೋದು ಮಕ್ಕಳಾಟ. ಇದು ಬೆಳಕಿಗೆ ಬಂದಿದ್ದು 2008ರ ಮೇ ತಿಂಗಳಲ್ಲಿ. ರೈತ ತಂದ ಮಾಲನ್ನು ಮಂಡಿಯವನು ಒಳ್ಳೇ ಮನಸ್ಸಿನಿಂದಲೇ ಕೆಡಿಸಿದ ಹಾಗಾಯ್ತು.

ಇನ್ನೊಂದು ಕಡೆ ನೋಡಿ. ಪೈಪಿಐನಲ್ಲಿ ಯಾರು ಬೇಕಾದರೂ ಅಂಗಡಿ ಇಡಬಹುದು. 2017ರ ಸೆಪ್ಟೆಂಬರ್‌ನಲ್ಲಿ ಸ್ಲೊವಾಕಿಯಾದ ಸರ್ಕಾರಿ ಭದ್ರತಾ ಸಂಸ್ಥೆ ಅಲ್ಲಿ ಹತ್ತು ನಕಲಿ ಪ್ಯಾಕೇಜು ಪತ್ತೆಹಚ್ಚಿತು. ಹೆಸರಲ್ಲಿ ಸ್ವಲ್ಪ ಆಚೀಚೆ, ನೋಡೋಕೆ ಅಸಲಿಯೇ. ಕೈ ತಪ್ಪಿ ಟೈಪ್ ಮಾಡಿದವರ ಯಂತ್ರದ ವಿವರ ಸದ್ದಿಲ್ಲದೆ ಹೊರಗೆ ಹೋಗ್ತಿತ್ತು. ಗೋದಾಮಿನ ಬಾಗಿಲಲ್ಲಿ ಒಬ್ಬರು ನಿಂತು ಯಾರಪ್ಪಾ ನೀನು ಅಂತ ಕೇಳೋದಕ್ಕೂ ಬೆಲೆ ಇದೆ. ಎರಡನ್ನೂ ತೂಗಿದರೆ ನನ್ನ ತಕ್ಕಡಿ ಸ್ವಲ್ಪ ಡೆಬಿಯನ್ ಕಡೆಗೇ ವಾಲುತ್ತೆ. ಮಂಡಿಯ ಅನ್ನ ಉಂಡವನು, ಪಕ್ಷಪಾತ ಇರಬಹುದು.

ಕೊನೆಗೂ ರಾಜಿ ಪಂಚಾಯಿತಿ ಆಯ್ತು. 2021ರಲ್ಲಿ ಪೆಪ್ 668 ಅನ್ನೋ ಪ್ರಸ್ತಾವ ಬಂತು. ಪೆಪ್ ಅಂದ್ರೆ ಪೈಥಾನ್ ಸುಧಾರಣೆಗೆ ಬರೆಯೋ ಅರ್ಜಿ. ಅದರ ಕೆಳಗಿನ ಹೆಸರುಗಳನ್ನು ನೋಡಿ: ಡೆಬಿಯನ್‌ನಲ್ಲಿ ವರ್ಷಗಳಿಂದ ಪೈಥಾನ್ ಕಟ್ಟಿದ ಮಥಿಯಾಸ್ ಕ್ಲೋಸೆ ಇದ್ದಾರೆ, ಪಿಪ್ ಮತ್ತು ಪೈಪಿಐ ಕಡೆಯ ಡೊನಾಲ್ಡ್ ಸ್ಟಫ್ಟ್ ಇದ್ದಾರೆ, ಇನ್ನೂ ಹಲವರಿದ್ದಾರೆ. ಎರಡೂ ಗುಮಾಸ್ತರು ಒಂದೇ ಕಾಗದಕ್ಕೆ ಸಹಿ ಹಾಕಿದರು. ಉಪಾಯ ಎಷ್ಟು ಸರಳ ಅಂದ್ರೆ ನಗು ಬರುತ್ತೆ. ಲಿನಕ್ಸಿನವರು ಪೈಥಾನ್ ಫೋಲ್ಡರಿನಲ್ಲಿ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಅನ್ನೋ ಹೆಸರಿನ ಒಂದು ಸಣ್ಣ ಫೈಲು ಇಡ್ತಾರೆ. ಈ ಮನೆಗೆ ಬೇರೆ ಯಜಮಾನರಿದ್ದಾರೆ ಅನ್ನೋ ಬೋರ್ಡು ಅದು. ಪಿಪ್ ಬೋರ್ಡು ನೋಡಿ ಹೊರಗೇ ನಿಲ್ಲುತ್ತೆ. ವ್ಯವಸ್ಥೆಯ ಪ್ಯಾಕೇಜು ಬೇಕಾದರೆ ಆಪ್ಟ್ ಬಳಸು, ಇಲ್ಲಾ ನಿನ್ನದೇ ಕೋಣೆ ಮಾಡ್ಕೋ ಅಂತ ಹೇಳುತ್ತೆ.

2023ರ ಜೂನ್‌ನಲ್ಲಿ ಬಂದ ಡೆಬಿಯನ್ 12 ಈ ಬೋರ್ಡು ಹಾಕಿತು. ಅದೇ ಅಕ್ಟೋಬರ್‌ನಲ್ಲಿ ರಾಸ್ಪ್‌ಬೆರಿ ಪೈ ಓಎಸ್‌ಗೂ ಬಂತು. ಹತ್ತು ವರ್ಷದಿಂದ ‘ಪಿಪ್ ಇನ್‌ಸ್ಟಾಲ್’ ಅಂತ ಕಲಿಸ್ತಿದ್ದ ಪಾಠಗಳೆಲ್ಲ ಒಂದೇ ದಿನಕ್ಕೆ ಕೆಂಪು ಎರರ್ ಕೊಡೋಕೆ ಶುರುಮಾಡಿದವು. ನಿಮ್ಮಲ್ಲಿ ಕೆಲವರು ಆಗ ಬೈದಿರ್ತೀರಿ. ಹಟ ಮಾಡೋರಿಗೆ ಒಂದು ಹಿಂಬಾಗಿಲೂ ಇದೆ, ಆದರೆ ಆದೇಶದಲ್ಲಿ ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಅಂತ ಪೂರ್ತಿ ಟೈಪ್ ಮಾಡಬೇಕು. ಅಂದ್ರೆ, ‘ವ್ಯವಸ್ಥೆಯ ಪ್ಯಾಕೇಜುಗಳನ್ನು ಮುರಿ’ ಅಂತ ಕೈಯಾರೆ ಬರ್ಕೊಡಬೇಕು. ಆ ಹೆಸರಿಟ್ಟವರಿಗೆ ನನ್ನದೊಂದು ಸಲಾಂ. 2020ರ ಡಿಸೆಂಬರ್‌ನಲ್ಲಿ ನನ್ನ ಕೈಗೂ ಯಾರಾದರೂ ಹಾಗೆ ಬರೆಸಿದ್ದರೆ!

ಅದೇ 2023ರ ಅಕ್ಟೋಬರ್‌ನಲ್ಲಿ ಪೈಥಾನ್ 3.12 ಬಂತು. ಡಿಸ್ಟ್‌ಯುಟಿಲ್ಸ್ ಅದರಲ್ಲಿ ಇರಲಿಲ್ಲ, ತೆಗೆದುಹಾಕಿದ್ದರು. ಈಗ ಪ್ರೋಗ್ರಾಂ ವಿವರಗಳನ್ನು ಪೈಪ್ರಾಜೆಕ್ಟ್ ಡಾಟ್ ಟಾಮಲ್ ಅನ್ನೋ ಸಾದಾ ಪಠ್ಯದ ಫೈಲಿನಲ್ಲಿ ಬರೀತಾರೆ.

ಮಂಡಿಯ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಮೂರನೇ ದಿನ ಕಾರಣ ಹೊಳೀತು. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಕಿಟಕಿಗಳ ಹಂಗಿಲ್ಲದ ಕಪ್ಪು ಪರದೆ ಬರುತ್ತೆ. ಪಿಯುಸಿ ಓದ್ತಿದ್ದ ಮಾವನ ಮಗಳಿಗೆ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿ, ‘ಪೈಥಾನ್ 3’ ಅನ್ನೋ ಹೆಸರನ್ನು ಹಳೇ 3.6ಕ್ಕೇ ತಿರುಗಿಸಿದೆವು. ಟರ್ಮಿನಲ್ ತೆರೀತು. ಆಮೇಲೆ ನನ್ನ ಕೋಡಿನಲ್ಲಿ ಆ ವಾಲ್‌ರಸ್ ತೆಗೆದು, ಒಂದು ಸಾಲನ್ನು ಎರಡು ಸಾಲಾಗಿ ಬರೆದೆ. 3.6ರಲ್ಲೇ ಓಡಿತು. ಬಸ್ಸು ಹತ್ತೋ ಮೊದಲು ಮಾಡಬೇಕಿದ್ದ ಕೆಲಸ ಅಷ್ಟೇ ಇತ್ತು.

ಮುಂಗಡದ ಖಾತೆ ತೆರೆದು, ರೈತರು ಬಾಯಲ್ಲಿ ಹೇಳಿದ ಮೊತ್ತಗಳ ಜೊತೆ ಮಾವ ತಾಳೆ ನೋಡಿದರು. ಹನ್ನೊಂದು ಜನ. ಹತ್ತು ಜನರದು ಸರಿಯಾಗಿತ್ತು. ಒಬ್ಬರು ಇನ್ನೂರು ರೂಪಾಯಿ ಹೆಚ್ಚಿಗೆಯೇ ಹೇಳಿದ್ದರು. ಮಾವ ಆ ಇನ್ನೂರನ್ನು ಕರೆದು ವಾಪಸ್ ಕೊಟ್ಟರು.

ಈಗ ಆ ಪ್ರೋಗ್ರಾಮನ್ನು ನಾನು ಡೆಬ್ ಚೀಲದಲ್ಲೇ ಕಟ್ಟಿ ಕಳಿಸ್ತೀನಿ. ಚೀಟಿಯಲ್ಲಿ ಒಂದು ಸಾಲು ಇದೆ: ಪೈಥಾನ್ ಇಷ್ಟನೇ ಆವೃತ್ತಿ ಅಥವಾ ಅದಕ್ಕಿಂತ ಹೊಸದು ಇರಬೇಕು. ಇಲ್ಲದಿದ್ದರೆ ಒಳಗೆ ಹೋಗೋದೇ ಇಲ್ಲ. ಇನ್ನೊಂದು ಸಾಲಿನಲ್ಲಿ ‘ಗುಬ್ಬಿ’ ಫಾಂಟ್ ಕೇಳಿದ್ದೀನಿ. ಗುಬ್ಬಿ, ನವಿಲು ಅಂತ ಎರಡು ಕನ್ನಡ ಫಾಂಟುಗಳು ಡೆಬಿಯನ್ ಗೋದಾಮಿನಲ್ಲೇ ಇವೆ. ಯಾರೋ ಕೂತು ಬರೆದು, ಇನ್ಯಾರೋ ಚೀಲ ಕಟ್ಟಿ ಇಟ್ಟಿದ್ದಕ್ಕೆ ಮಾವನ ಚೀಟಿಯಲ್ಲಿ ಒತ್ತಕ್ಷರ ಸರಿಯಾಗಿ ಬರುತ್ತೆ.

ಕಳೆದ ಸಲ ಊರಿಗೆ ಹೋದಾಗ ನೋಡಿದೆ. ಪ್ರಿಂಟರಿನಿಂದ ಚೀಟಿ ಬಂದಮೇಲೂ ಮಾವ ಡ್ರಾಯರ್ ಎಳೆದು, ಕಾರ್ಬನ್ ಇಟ್ಟ ಪುಸ್ತಕದಲ್ಲಿ ಅದೇ ಲೆಕ್ಕ ಇನ್ನೊಂದು ಸಲ ಬರೀತಾರೆ. ‘ಯಾಕೆ ಮಾವ, ಈಗ ಸರಿ ಇದೆಯಲ್ಲ?’ ಅಂದೆ. ‘ಇರ್ಲಿ ಬಿಡೋ’ ಅಂತ ಹೇಳಿ, ಕಾರ್ಬನ್ ಹಾಳೆ ತಿರುಗಿಸಿ ಹಾಕಿದರು.